ಹೆರಿಗೆ, ಅನಾರೋಗ್ಯ ಮತ್ತು ಶಿಶುಪಾಲನಾ ರಜೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸಿಬ್ಬಂದಿಯ ರಜೆ ಅರ್ಜಿಗಳಿಗೆ ಬಹುತೇಕ ಕೊನೆಯ ಸ್ಥಾನ ದೊರೆಯುತ್ತದೆ. ಕುಡಿಯುವ ನೀರು, ಬೀದಿದೀಪ, ತೆರಿಗೆ ವಸೂಲಿ, ಕಾಮಗಾರಿಗಳ ಚರ್ಚೆ ಮುಗಿಯುವ ವೇಳೆಗೆ ಊಟದ ಹೊತ್ತು ಮೀರಿರುತ್ತದೆ. ಅಂತಹ ಸಮಯದಲ್ಲಿ ಏಳು ತಿಂಗಳ ಗರ್ಭಿಣಿಯಾದ ಸ್ವಚ್ಛತಾ ಕೆಲಸಗಾರ್ತಿಯೊಬ್ಬರ ಅರ್ಜಿ ಸಭೆಯ ಮುಂದೆ ಬಂದಿತೆಂದು ಭಾವಿಸಬಹುದು. ‘ದಿನಗೂಲಿಯವರಿಗೆ ಹೆರಿಗೆ ರಜೆ ಎಲ್ಲಿದೆ’ ಎಂದು ಒಬ್ಬರು ಕೇಳುತ್ತಾರೆ. ‘ಬೇರೆಯವರನ್ನು ಹಾಕಿಕೊಂಡರಾಯಿತು’ ಎಂದು ಮತ್ತೊಬ್ಬರು ಸೂಚಿಸುತ್ತಾರೆ. ‘ಬಾಣಂತನ ಮುಗಿಸಿಕೊಂಡು ಬರಲಿ, ಆಮೇಲೆ ನೋಡೋಣ’ ಎಂದು ಮೂರನೆಯವರು ವಿಷಯವನ್ನು ಮುಗಿಸುತ್ತಾರೆ. ಯಾರ ಮನಸ್ಸಿನಲ್ಲಿಯೂ ಕೆಡುಕು ಇರುವುದಿಲ್ಲ. ಆದರೂ ಈ ಮೂರು ಮಾತುಗಳಲ್ಲಿ ಯಾವುದೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅವುಗಳ ಫಲವಾಗಿ ಒಂದು ಕುಟುಂಬವು ತನಗೆ ಹಣದ ಅಗತ್ಯ ಹೆಚ್ಚಿರುವ ಆರು ತಿಂಗಳುಗಳಲ್ಲಿಯೇ ವರಮಾನವನ್ನು ಕಳೆದುಕೊಳ್ಳುತ್ತದೆ.

ಗ್ರಾಮ ಪಂಚಾಯಿತಿಯು ಒಂದು ಕಡೆ ಸ್ವತಃ ಉದ್ಯೋಗದಾತ ಸಂಸ್ಥೆಯಾಗಿದೆ. ಮತ್ತೊಂದು ಕಡೆ, ತನ್ನ ವ್ಯಾಪ್ತಿಯ ಕಾರ್ಖಾನೆ, ಅಂಗಡಿ, ತೋಟ ಹಾಗೂ ಕಟ್ಟಡ ಕೆಲಸಗಳಲ್ಲಿ ದುಡಿಯುವ ಸಾವಿರಾರು ಜನ ಮೊದಲು ಸಲಹೆ ಕೇಳಲು ಬರುವುದೂ ಇಲ್ಲಿಗೇ. ಆದುದರಿಂದ ಈ ವಿಷಯದ ತಿಳಿವಳಿಕೆ ಪ್ರತಿಯೊಬ್ಬ ಸದಸ್ಯರಿಗೂ ಅಗತ್ಯವಾಗಿದೆ.

ಕಾನೂನಿನ ಹಿನ್ನೆಲೆ

ಹೆರಿಗೆಯ ಕಾಲದಲ್ಲಿ ದುಡಿಯುವ ಹೆಣ್ಣಿಗೆ ವಿಶ್ರಾಂತಿ ಮತ್ತು ವೇತನ ಎರಡೂ ದೊರೆಯಬೇಕೆಂಬ ವಿಚಾರವು ನಮ್ಮ ದೇಶದಲ್ಲಿ ಸುಮಾರು ನೂರು ವರ್ಷ ಹಳೆಯದು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯು ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅವರು ಅದನ್ನು ಬೆಂಬಲಿಸಿ ಮಾತನಾಡಿದರು. ಮರುವರ್ಷ, ಅಂದರೆ 1929ರಲ್ಲಿ, ಮುಂಬಯಿ ಪ್ರಾಂತದಲ್ಲಿ ಈ ಕುರಿತ ಕಾಯ್ದೆ ಬಂದಿತು. ಸ್ವಾತಂತ್ರ್ಯಾನಂತರ ಸಂವಿಧಾನದ 42ನೇ ಅನುಚ್ಛೇದವು ನ್ಯಾಯಯುತ ಹಾಗೂ ಮಾನವೀಯ ಕೆಲಸದ ಪರಿಸ್ಥಿತಿಗಳನ್ನೂ ಹೆರಿಗೆಯ ನೆರವನ್ನೂ ಒದಗಿಸುವ ಹೊಣೆಯನ್ನು ರಾಜ್ಯದ ಮೇಲೆ ಇರಿಸಿತು. ಇಲ್ಲಿ ‘ರಾಜ್ಯ’ ಎಂಬ ಪದದಲ್ಲಿ ಸ್ಥಳೀಯ ಪ್ರಾಧಿಕಾರಗಳೂ ಸೇರುತ್ತವೆಂದು 12ನೇ ಅನುಚ್ಛೇದವು ತಿಳಿಸುತ್ತದೆ. ಹೀಗಾಗಿ ಗ್ರಾಮ ಪಂಚಾಯಿತಿಯೂ ಈ ಹೊಣೆಯ ಪಾಲುದಾರ ಸಂಸ್ಥೆಯಾಗಿದೆ.

ಈ ಆಶಯವನ್ನು ಜಾರಿಗೆ ತಂದದ್ದು 1961ರ ಹೆರಿಗೆ ಸೌಲಭ್ಯ ಅಧಿನಿಯಮ. ಮೊದಲು 12 ವಾರಗಳಷ್ಟಿದ್ದ ರಜೆಯನ್ನು 2017ರ ತಿದ್ದುಪಡಿಯು 26 ವಾರಗಳಿಗೆ ಏರಿಸಿತು. ಈ ಅಧಿನಿಯಮದ ಮುಖ್ಯ ಉಪಬಂಧಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಆರನೇ ಅಧ್ಯಾಯದಲ್ಲಿ ಅಳವಡಿಸಲಾಗಿದ್ದು, ಕೇಂದ್ರ ಸರ್ಕಾರವು 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿದೆ. ಕಾನೂನಿನ ಹೆಸರು ಬದಲಾದರೂ ರಜೆಯ ಅವಧಿ, ಅರ್ಹತೆ ಮತ್ತು ವೇತನದ ತತ್ತ್ವಗಳು ಹಿಂದಿನಂತೆಯೇ ಮುಂದುವರಿದಿವೆ.

ಯಾರಿಗೆ ಅನ್ವಯ

ಕಾರ್ಖಾನೆ, ಗಣಿ, ತೋಟಗಳಿಗೂ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿ ಮತ್ತು ಸಂಸ್ಥೆಗಳಿಗೂ ಈ ಕಾನೂನು ಅನ್ವಯಿಸುತ್ತದೆ. ನಿರೀಕ್ಷಿತ ಹೆರಿಗೆ ದಿನಾಂಕದ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ ಮಹಿಳೆ ಅರ್ಹಳಾಗುತ್ತಾಳೆ. ಕಾಯಂ ನೇಮಕಾತಿ ಆಗಿರಬೇಕೆಂಬ ನಿಬಂಧನೆ ಇದರಲ್ಲಿ ಇಲ್ಲ.

ಪಂಚಾಯಿತಿಯ ಸಿಬ್ಬಂದಿಯಲ್ಲಿ ಎರಡು ವರ್ಗಗಳನ್ನು ಗುರುತಿಸಿಕೊಳ್ಳಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಲೆಕ್ಕ ಸಹಾಯಕರು ಸರ್ಕಾರಿ ನೌಕರರು. ಇವರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳು ಅನ್ವಯವಾಗುತ್ತವೆ. ಆ ನಿಯಮಗಳಡಿ ಎರಡಕ್ಕಿಂತ ಕಡಿಮೆ ಜೀವಂತ ಮಕ್ಕಳಿರುವ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆ ಇದೆ. ಬಿಲ್ ಕಲೆಕ್ಟರ್, ನೀರಗಂಟಿ, ಜವಾನ, ಸ್ವಚ್ಛತಾ ಕೆಲಸಗಾರರು, ಡಾಟಾ ಎಂಟ್ರಿ ಆಪರೇಟರ್ ಮುಂತಾದವರು ಪಂಚಾಯಿತಿಯಿಂದಲೇ ವೇತನ ಪಡೆಯುವವರು. ಸಭೆಗಳಲ್ಲಿ ಗೊಂದಲ ಹುಟ್ಟುವುದು ಈ ಎರಡನೆಯ ವರ್ಗದ ವಿಷಯದಲ್ಲಿಯೇ.

ದಿನಗೂಲಿ ಮತ್ತು ಗುತ್ತಿಗೆ ಸಿಬ್ಬಂದಿ

ಈ ಗೊಂದಲಕ್ಕೆ ಸರ್ವೋಚ್ಚ ನ್ಯಾಯಾಲಯವು 2000ದ ಮಾರ್ಚ್‌ನಲ್ಲಿಯೇ ಉತ್ತರ ನೀಡಿದೆ. ದೆಹಲಿ ಮಹಾನಗರ ಪಾಲಿಕೆಯಲ್ಲಿ ಮಸ್ಟರ್ ರೋಲ್ ಆಧಾರದ ಮೇಲೆ ದುಡಿಯುತ್ತಿದ್ದ ಮಹಿಳೆಯರು ಹೆರಿಗೆ ರಜೆಯನ್ನು ಕೇಳಿದ್ದರು. ಅದು ಕಾಯಂ ನೌಕರರಿಗೆ ಮಾತ್ರ ಎಂಬುದು ಪಾಲಿಕೆಯ ವಾದವಾಗಿತ್ತು. ದಿನಗೂಲಿ ಮಹಿಳೆಯೂ ಗರ್ಭಿಣಿಯಾದಾಗ ಅದೇ ಆಯಾಸವನ್ನು, ಅದೇ ಅಪಾಯವನ್ನು ಎದುರಿಸುತ್ತಾಳೆ. 1961ರ ಅಧಿನಿಯಮವು ಕಾಯಂ ಮತ್ತು ದಿನಗೂಲಿ ಎಂಬ ಭೇದವನ್ನು ಮಾಡಿಲ್ಲ ಎಂಬ ನೆಲೆಯಲ್ಲಿ ನ್ಯಾಯಾಲಯವು ಮಹಿಳೆಯರ ಪರವಾಗಿ ತೀರ್ಪು ನೀಡಿತು. ಒಂದು ಸ್ಥಳೀಯ ಸಂಸ್ಥೆಯ ವಿರುದ್ಧ ಬಂದ ತೀರ್ಪಾದುದರಿಂದ ಇದು ಪಂಚಾಯಿತಿಗಳಿಗೆ ವಿಶೇಷವಾಗಿ ಪ್ರಸ್ತುತ.

ಗುತ್ತಿಗೆಯ ಅವಧಿ ರಜೆಯ ನಡುವೆ ಮುಗಿದರೆ ಏನಾಗುತ್ತದೆ ಎಂಬ ಪ್ರಶ್ನೆಯೂ ಇತ್ಯರ್ಥವಾಗಿದೆ. ಅರ್ಹತೆಯ ಷರತ್ತನ್ನು ಪೂರೈಸಿದ ಮಹಿಳೆಗೆ, ಆಕೆಯ ಗುತ್ತಿಗೆ ಅವಧಿ ಕೊನೆಗೊಂಡರೂ, ಹೆರಿಗೆ ಸೌಲಭ್ಯವನ್ನು ಪೂರ್ಣವಾಗಿ ನೀಡಬೇಕೆಂದು 2023ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ರಜೆಯ ಅರ್ಜಿ ಬಂದ ಮೇಲೆ ಗುತ್ತಿಗೆಯನ್ನು ನವೀಕರಿಸದೆ ಬಿಟ್ಟು ಹೊಣೆಯಿಂದ ಪಾರಾಗುವ ದಾರಿಯನ್ನು ಈ ತೀರ್ಪು ಮುಚ್ಚಿದೆ.

ರಜೆಯ ಅವಧಿ

ಮೊದಲ ಎರಡು ಮಕ್ಕಳ ಹೆರಿಗೆಗೆ 26 ವಾರ. ಇದರಲ್ಲಿ ಗರಿಷ್ಠ 8 ವಾರಗಳನ್ನು ನಿರೀಕ್ಷಿತ ಹೆರಿಗೆ ದಿನಾಂಕಕ್ಕೆ ಮೊದಲು ಪಡೆಯಬಹುದು. ಗರ್ಭಿಣಿಯನ್ನು ತವರಿಗೆ ಕರೆದೊಯ್ಯುವ ಕಾಲಕ್ಕೆ ಈ 8 ವಾರಗಳು ಬಹುಮಟ್ಟಿಗೆ ಹೊಂದಿಕೆಯಾಗುತ್ತವೆ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಜೀವಂತ ಮಕ್ಕಳಿದ್ದರೆ ಒಟ್ಟು 12 ವಾರ. ಅದರಲ್ಲಿ ಹೆರಿಗೆಗೆ ಮೊದಲು ಗರಿಷ್ಠ 6 ವಾರ. ಅಂದರೆ ಮೂರನೆಯ ಹೆರಿಗೆಗೆ ರಜೆಯೇ ಇಲ್ಲ ಎಂಬ ಭಾವನೆ ಈ ಕಾನೂನಿನ ಮಟ್ಟಿಗೆ ತಪ್ಪು. ಮೂರು ತಿಂಗಳೊಳಗಿನ ಮಗುವನ್ನು ದತ್ತು ಪಡೆದ ತಾಯಿಗೂ 12 ವಾರಗಳ ರಜೆಯನ್ನು 2017ರ ತಿದ್ದುಪಡಿಯು ನೀಡಿತು.

ಗರ್ಭಪಾತವಾದಲ್ಲಿ ಅಥವಾ ವೈದ್ಯಕೀಯವಾಗಿ ಗರ್ಭಸಮಾಪ್ತಿ ಮಾಡಿಸಿಕೊಂಡಲ್ಲಿ 6 ವಾರ, ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆಗೆ 2 ವಾರ ರಜೆ ಇದೆ. ಗರ್ಭಧಾರಣೆ, ಹೆರಿಗೆ, ಅವಧಿಪೂರ್ವ ಜನನ ಇತ್ಯಾದಿಗಳಿಂದ ಕಾಯಿಲೆ ಉಂಟಾದರೆ ಇವುಗಳ ಮೇಲೆ ಮತ್ತೆ ಒಂದು ತಿಂಗಳವರೆಗೆ ವೇತನ ಸಹಿತ ರಜೆ ಪಡೆಯಬಹುದು.

ಒಂದು ಅಂಶವನ್ನು ಸದಸ್ಯರು ವಿಶೇಷವಾಗಿ ನೆನಪಿನಲ್ಲಿಡಬೇಕು. ಕಾನೂನಿನಲ್ಲಿ ‘ಮಗು’ ಎಂಬ ಪದದ ಅರ್ಥದಲ್ಲಿ ಸತ್ತು ಹುಟ್ಟಿದ ಮಗುವೂ ಸೇರುತ್ತದೆ. 26ನೇ ವಾರದವರೆಗೆ ಗರ್ಭ ಹೋದರೆ ಅದು ಗರ್ಭಪಾತ. ಆ ಅವಧಿ ದಾಟಿದ ಮೇಲೆ ಮಗು ಸತ್ತು ಹುಟ್ಟಿದರೂ ಅದು ಹೆರಿಗೆಯೇ. ಮಗು ಉಳಿಯಲಿಲ್ಲವಾದ್ದರಿಂದ ಕೂಡಲೇ ಕೆಲಸಕ್ಕೆ ಬರಬೇಕೆಂದು ಅಂತಹ ತಾಯಿಗೆ ಹೇಳಿ ಕಳುಹಿಸುವುದು ಕಾನೂನಿಗೂ ಮನುಷ್ಯತ್ವಕ್ಕೂ ಸಲ್ಲದು. ಹಾಗೆಯೇ, ಹೆರಿಗೆಯಲ್ಲಿ ಅಥವಾ ಅನಂತರದ ರಜೆಯ ಅವಧಿಯಲ್ಲಿ ತಾಯಿ ತೀರಿಕೊಂಡು ಮಗು ಉಳಿದಿದ್ದರೆ, ಆ ಪೂರ್ಣ ಅವಧಿಯ ಹಣವನ್ನು ಆಕೆ ಸೂಚಿಸಿದ ವ್ಯಕ್ತಿಗೆ ಪಾವತಿಸುವುದು ಉದ್ಯೋಗದಾತರ ಹೊಣೆ.

ವೇತನದ ಲೆಕ್ಕ: ಒಂದು ಉದಾಹರಣೆ

ರಜೆ ಆರಂಭವಾಗುವ ಹಿಂದಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸರಾಸರಿ ದಿನವೇತನವೇ ಲೆಕ್ಕದ ಆಧಾರ. ದಿನಕ್ಕೆ ರೂ. 500 ಪಡೆಯುವ ಕೆಲಸಗಾರ್ತಿಯ ಉದಾಹರಣೆಯನ್ನು ತೆಗೆದುಕೊಂಡರೆ, 26 ವಾರಗಳೆಂದರೆ 182 ದಿನ. ಇದರಲ್ಲಿ ಭಾನುವಾರಗಳನ್ನು ಕಳೆಯಬೇಕೇ ಎಂಬ ಪ್ರಶ್ನೆ ಏಳುತ್ತದೆ. ಭಾನುವಾರದಂತಹ ವೇತನರಹಿತ ದಿನಗಳನ್ನೂ ಸೇರಿಸಿಯೇ ವಾರವನ್ನು ಲೆಕ್ಕ ಹಾಕಬೇಕೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆದ್ದರಿಂದ ಆಕೆಗೆ ಸಲ್ಲಬೇಕಾದ ಮೊತ್ತ 182 ಗುಣಿಸು 500, ಅಂದರೆ ರೂ. 91,000.

ಈ ಹಣವನ್ನು ಯಾವಾಗ ಕೊಡಬೇಕೆಂಬುದನ್ನೂ ಕಾನೂನು ಹೇಳಿದೆ. ಹೆರಿಗೆಗೆ ಮೊದಲಿನ ಅವಧಿಯ ಹಣವನ್ನು ಗರ್ಭಧಾರಣೆಯ ಪುರಾವೆ ಪಡೆದು ಮುಂಗಡವಾಗಿ ನೀಡಬೇಕು. ಮೇಲಿನ ಉದಾಹರಣೆಯಲ್ಲಿ ಆಕೆ 8 ವಾರ ಮೊದಲೇ ರಜೆಯ ಮೇಲೆ ತೆರಳಿದರೆ 56 ದಿನಗಳಿಗೆ ರೂ. 28,000 ಮುಂಗಡವಾಗಿ ಕೈಸೇರಬೇಕು. ಉಳಿದ 126 ದಿನಗಳ ರೂ. 63,000ವನ್ನು ಹೆರಿಗೆಯಾದ ಪುರಾವೆ ಸಲ್ಲಿಸಿದ 48 ಗಂಟೆಗಳೊಳಗೆ ಪಾವತಿಸಬೇಕು. ಉದ್ಯೋಗದಾತರು ಉಚಿತ ವೈದ್ಯಕೀಯ ಆರೈಕೆಯನ್ನು ಒದಗಿಸದಿದ್ದಲ್ಲಿ ರೂ. 3,500 ವೈದ್ಯಕೀಯ ಬೋನಸ್ ಪ್ರತ್ಯೇಕವಾಗಿ ಸಲ್ಲುತ್ತದೆ. ಬಾಣಂತನ ಮುಗಿಸಿ ಬಂದ ಮೇಲೆ ನೋಡುವ ಪದ್ಧತಿ ಏಕೆ ಸರಿಯಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಆಸ್ಪತ್ರೆಗೆ ಓಡಾಟ, ಔಷಧ, ಪಥ್ಯದ ಊಟ, ಮಗುವಿನ ಆರೈಕೆ ಇವೆಲ್ಲ ಆ ಆರು ತಿಂಗಳಲ್ಲಿಯೇ ಎದುರಾಗುವ ಖರ್ಚುಗಳು.

ಸ್ವಂತ ಸಂಪನ್ಮೂಲ ಕಡಿಮೆಯಿರುವ ಪಂಚಾಯಿತಿಗೆ ಇದು ಸಣ್ಣ ಮೊತ್ತವಲ್ಲ. ರಜೆಯ ಅವಧಿಯಲ್ಲಿ ಬದಲಿ ಕೆಲಸಗಾರರ ಕೂಲಿಯೂ ಇದಕ್ಕೆ ಸೇರುತ್ತದೆ. ಆದರೆ ಗರ್ಭಧಾರಣೆಯು ತಿಂಗಳುಗಳ ಮುಂಚೆಯೇ ತಿಳಿಯುವ ಸಂಗತಿ. ವಾರ್ಷಿಕ ಆಯವ್ಯಯದಲ್ಲಿ ಸಿಬ್ಬಂದಿ ಸೌಲಭ್ಯಕ್ಕೆಂದು ಒಂದಿಷ್ಟು ಮೊತ್ತವನ್ನು ತೆಗೆದಿರಿಸಿದರೆ ಆ ಹೊತ್ತಿಗೆ ಪರದಾಡುವ ಪ್ರಸಂಗ ಬಾರದು.

ಕೆಲಸದ ರಕ್ಷಣೆ

ಹೆರಿಗೆಯ ದಿನದಿಂದ 6 ವಾರಗಳವರೆಗೆ ಆ ಮಹಿಳೆಯಿಂದ ಕೆಲಸ ಮಾಡಿಸುವಂತಿಲ್ಲ. ಆಕೆಯೇ ಒಪ್ಪಿದರೂ ಈ ನಿಷೇಧ ಸಡಿಲವಾಗದು. ಹೆರಿಗೆಗೆ ಮುಂಚಿನ ನಿರ್ದಿಷ್ಟ ಅವಧಿಯಲ್ಲಿ, ಆಕೆ ಕೋರಿದಲ್ಲಿ, ಬಹಳ ಹೊತ್ತು ನಿಂತು ಮಾಡುವ ಅಥವಾ ಶ್ರಮದಾಯಕವಾದ ಕೆಲಸವನ್ನು ನೀಡಬಾರದು. ಚರಂಡಿ ಹೂಳೆತ್ತುವುದು, ಕಸದ ವಾಹನಕ್ಕೆ ಭಾರ ಎತ್ತಿ ಹಾಕುವುದು ಇಂತಹ ಕೆಲಸಗಳು. ಹಗುರ ಕೆಲಸ ನೀಡಿದ ಕಾರಣಕ್ಕೆ ಕೂಲಿಯನ್ನು ಕಡಿತಗೊಳಿಸುವಂತೆಯೂ ಇಲ್ಲ.

ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದಾಗಲಿ, ಸೇವಾ ಷರತ್ತುಗಳನ್ನು ಆಕೆಗೆ ಅನನುಕೂಲವಾಗುವಂತೆ ಬದಲಿಸುವುದಾಗಲಿ ಕಾನೂನುಬಾಹಿರ. ಹಾಗೆ ತೆಗೆದರೆ ಆದೇಶ ತಲುಪಿದ 60 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಬದಲಿಯಾಗಿ ಬಂದವರ ನೇಮಕವು ತಾತ್ಕಾಲಿಕವೆಂದೂ ಮೂಲ ಕೆಲಸಗಾರ್ತಿ ಮರಳಿದ ದಿನ ಅದು ಮುಕ್ತಾಯವಾಗುವುದೆಂದೂ ಸಭೆಯ ನಡವಳಿಯಲ್ಲಿ ದಾಖಲಿಸುವುದು ಉಚಿತ. ಮುಂದೆ ಇಬ್ಬರ ನಡುವೆ ವ್ಯಾಜ್ಯ ಹುಟ್ಟದಂತೆ ಇದು ತಡೆಯುತ್ತದೆ.

ಅರ್ಜಿಯನ್ನು ಮುಂಚಿತವಾಗಿ ನೀಡಲು ಆಗದಿದ್ದರೆ ಹೆರಿಗೆಯಾದ ಮೇಲೆ ಆದಷ್ಟು ಬೇಗ ನೀಡಬಹುದು. ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳು ತುಂಬುವವರೆಗೆ, ಸಾಮಾನ್ಯ ವಿರಾಮದ ಜೊತೆಗೆ, ಹಾಲೂಡಿಸಲು ದಿನಕ್ಕೆ ಎರಡು ವಿರಾಮಗಳಿವೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುವಿಹಾರ ಇರಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು.

ಹಕ್ಕಿನ ಜೊತೆಗೆ ಒಂದು ಕಟ್ಟುಪಾಡೂ ಇದೆ. ವೇತನ ಸಹಿತ ರಜೆಯಲ್ಲಿರುವಾಗ ಬೇರೊಂದು ಸಂಸ್ಥೆಯಲ್ಲಿ ದುಡಿದರೆ ಆ ಅವಧಿಯ ಸೌಲಭ್ಯವನ್ನು ಕಳೆದುಕೊಳ್ಳಬೇಕಾಗುತ್ತದೆ. ಪಂಚಾಯಿತಿಯ ಕಡೆಯಿಂದಲೂ ರಜೆಯಲ್ಲಿರುವ ಆಪರೇಟರ್‌ಗೆ ‘ಒಂದು ಗಂಟೆ ಬಂದು ಎಂಟ್ರಿ ಮಾಡಿ ಹೋಗಮ್ಮ’ ಎಂದು ಹೇಳಿ ಕಳುಹಿಸುವ ರೂಢಿ ನಿಲ್ಲಬೇಕು.

ಅನಾರೋಗ್ಯ ರಜೆ ಮತ್ತು ಇಎಸ್‌ಐ

ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತವೆ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ಅರ್ಧ ವೇತನ ರಜೆಯನ್ನು ಪರಿವರ್ತಿತ ರಜೆಯಾಗಿ ಪೂರ್ಣ ವೇತನದೊಂದಿಗೆ ಪಡೆಯಬಹುದು. ಆಗ ಖಾತೆಯಿಂದ ಎರಡರಷ್ಟು ದಿನಗಳು ಕಳೆಯುತ್ತವೆ.

ಖಾಸಗಿ ಕ್ಷೇತ್ರದಲ್ಲಿ ಮುಖ್ಯ ಆಸರೆಯೆಂದರೆ ನೌಕರರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ. ತಿಂಗಳಿಗೆ ರೂ. 21,000 ವೇತನ ಮಿತಿಯೊಳಗಿನ ಕಾರ್ಮಿಕರು ವೇತನದ ಶೇ. 0.75, ಮಾಲೀಕರು ಶೇ. 3.25 ವಂತಿಗೆ ನೀಡುತ್ತಾರೆ. ಹಳ್ಳಿಗಳಿಂದ ಬಸ್ಸು, ಟೆಂಪೋಗಳಲ್ಲಿ ಸಿದ್ಧ ಉಡುಪು ಕಾರ್ಖಾನೆಗಳಿಗೆ ಹೋಗಿಬರುವ ಹೆಣ್ಣುಮಕ್ಕಳಲ್ಲಿ ಅನೇಕರ ವೇತನ ಚೀಟಿಯಲ್ಲಿ ಈ ಕಡಿತ ಕಾಣಿಸುತ್ತದೆ. ಆದರೆ ಅದರಿಂದ ಏನು ದೊರೆಯುತ್ತದೆಂಬುದು ತಿಳಿದಿರುವುದಿಲ್ಲ. ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ನಗದು, ಕ್ಷಯ, ಕ್ಯಾನ್ಸರ್‌ನಂತಹ ದೀರ್ಘಕಾಲದ ರೋಗಗಳಿಗೆ ಹೆಚ್ಚಿನ ಅವಧಿಯ ನೆರವು, ಹೆರಿಗೆಗೆ 26 ವಾರಗಳ ಪೂರ್ಣ ವೇತನ ಈ ಯೋಜನೆಯಲ್ಲಿವೆ. ಕಾಯಿಲೆಯ ನೆರವಿಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಹೆರಿಗೆ ನೆರವಿಗೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನ ವಂತಿಗೆ ಸಂದಿರಬೇಕು. ಇಎಸ್‌ಐ ವ್ಯಾಪ್ತಿಯವರಿಗೆ ಹೆರಿಗೆಯ ಹಣವನ್ನು ಮಾಲೀಕರ ಬದಲು ನಿಗಮವೇ ಪಾವತಿಸುತ್ತದೆ. ಹೆರಿಗೆಗೆ ಮುಂಚೆ ‘ರಾಜೀನಾಮೆ ಬರೆದುಕೊಡು, ಮತ್ತೆ ಸೇರಿಸಿಕೊಳ್ಳುತ್ತೇವೆ’ ಎಂಬ ಮಾತಿಗೆ ಯಾವ ಹೆಣ್ಣುಮಗಳೂ ಸಹಿ ಹಾಕದಂತೆ ಸದಸ್ಯರು ಎಚ್ಚರಿಸಬೇಕು. ಆ ಒಂದು ಸಹಿಯಿಂದ ಮರಳಿ ಬರುವ ಕೆಲಸವೂ ಸೇವೆಯ ಹಿರಿತನವೂ ಕೈತಪ್ಪಬಹುದು.

ಇವಲ್ಲದೆ, ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನಗಳ ವೇತನ ಸಹಿತ ಋತುಚಕ್ರ ರಜೆಯ ನೀತಿಗೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಅನುಮೋದನೆ ನೀಡಿದೆ.

ತಂದೆಯ ರಜೆ ಮತ್ತು ಶಿಶುಪಾಲನೆ

ರಾಜ್ಯ ಸರ್ಕಾರದ ಪುರುಷ ನೌಕರರಿಗೆ ಪತ್ನಿಯ ಹೆರಿಗೆಯ ಸಂದರ್ಭದಲ್ಲಿ 15 ದಿನಗಳ ಪಿತೃತ್ವ ರಜೆ ಇದೆ. ಖಾಸಗಿ ಕ್ಷೇತ್ರದ ತಂದೆಯರಿಗೆ ಇಂತಹ ಸಾಮಾನ್ಯ ಕಾನೂನು ಇಲ್ಲ. ಅವರು ತಮ್ಮ ಸಂಸ್ಥೆಯ ನಿಯಮಗಳನ್ನೇ ಅವಲಂಬಿಸಬೇಕು. ರಾಜ್ಯದ ಮಹಿಳಾ ಸರ್ಕಾರಿ ನೌಕರರಿಗೆ 2021ರಿಂದ ಸೇವಾವಧಿಯಲ್ಲಿ ಆರು ತಿಂಗಳವರೆಗೆ ಶಿಶುಪಾಲನಾ ರಜೆ ದೊರೆಯುತ್ತಿದೆ. ಉದ್ಯೋಗ ಖಾತರಿಯ ಕೂಲಿಕಾರರೂ ಸೇರಿದಂತೆ ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಕೇಂದ್ರಗಳು ಆರಂಭವಾಗಿವೆ. ರಜೆ ಮುಗಿದ ತಾಯಿ ಕೆಲಸಕ್ಕೆ ಮರಳಬೇಕಾದರೆ ಮಗುವನ್ನು ಬಿಡಲು ನಂಬಿಕೆಯ ಜಾಗವೊಂದು ಇರಬೇಕು. ಆ ದೃಷ್ಟಿಯಿಂದ ಈ ಕೇಂದ್ರಗಳ ಸುಸ್ಥಿತಿಯೂ ಸದಸ್ಯರ ಗಮನದಲ್ಲಿರಬೇಕು.

ಕಾನೂನಿನ ಹೊರಗೆ ಉಳಿದವರು

ಹೊಲದ ಕೂಲಿ, ಮನೆಗೆಲಸ, ಸಣ್ಣ ಅಂಗಡಿಯ ದುಡಿಮೆ ಇವುಗಳಲ್ಲಿರುವ ಬಹುಪಾಲು ಮಹಿಳೆಯರಿಗೆ ವೇತನ ಸಹಿತ ರಜೆ ಎಂಬುದು ಇನ್ನೂ ದೂರದ ಮಾತು. ಇವರಿಗೆ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ ರೂ. 5,000, ಎರಡನೆಯದು ಹೆಣ್ಣು ಮಗುವಾದಲ್ಲಿ ರೂ. 6,000 ನೆರವು ದೊರೆಯುತ್ತದೆ. ಅಂಗನವಾಡಿ ಕೇಂದ್ರದ ಮೂಲಕ ಇದಕ್ಕೆ ಹೆಸರು ನೋಂದಾಯಿಸಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತ ಮಹಿಳೆಯರಿಗೆ ಮಂಡಳಿಯ ಹೆರಿಗೆ ನೆರವಿದೆ. ಈ ಮೊತ್ತಗಳು ಆರು ತಿಂಗಳ ಕೂಲಿಗೆ ಸಮನಾಗಲಾರವು. ಆದರೂ ನೋಂದಣಿಯಿಲ್ಲದೆ ಅವೂ ತಪ್ಪಿಹೋಗಬಾರದು.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ಪಂಚಾಯಿತಿಯಿಂದ ವೇತನ ಪಡೆಯುವ ಎಲ್ಲ ಮಹಿಳಾ ಸಿಬ್ಬಂದಿಯ ಹಾಜರಿ ಮತ್ತು ಪಾವತಿ ದಾಖಲೆಗಳು ಕ್ರಮಬದ್ಧವಾಗಿವೆಯೇ ಎಂದು ಪರಿಶೀಲಿಸುವುದು. 80 ದಿನಗಳ ಅರ್ಹತೆಗೆ ಹಾಜರಿ ಪುಸ್ತಕವೇ ಮುಖ್ಯ ಆಧಾರ.

2. ಹೆರಿಗೆ ರಜೆಯ ಅರ್ಜಿಯನ್ನು ಸ್ವೀಕೃತಿ ನೀಡಿ ಪಡೆಯುವುದು. ತಾಯಿ ಕಾರ್ಡ್ ಮತ್ತು ವೈದ್ಯರ ಪ್ರಮಾಣಪತ್ರದ ಪ್ರತಿಯನ್ನು ಕಡತದಲ್ಲಿ ಇರಿಸುವುದು. ಹಣ ಪಡೆಯಬೇಕಾದ ವ್ಯಕ್ತಿಯ ಹೆಸರನ್ನೂ ಬರೆಯಿಸಿಕೊಳ್ಳುವುದು.

3. ಯಾವುದೇ ಅರ್ಜಿಯನ್ನು ಮೌಖಿಕವಾಗಿ ತಿರಸ್ಕರಿಸದಿರುವುದು. ಸಂದೇಹವಿದ್ದಲ್ಲಿ ತಿರಸ್ಕರಿಸುವ ಮೊದಲು ತಾಲ್ಲೂಕು ಪಂಚಾಯಿತಿಯ ಮೂಲಕ ಜಿಲ್ಲಾ ಪಂಚಾಯಿತಿಯಿಂದ ಲಿಖಿತ ಸ್ಪಷ್ಟೀಕರಣ ಕೋರುವುದು.

4. ಹೊಸದಾಗಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬ ಮಹಿಳೆಗೂ ಹೆರಿಗೆ ಸೌಲಭ್ಯಗಳ ವಿವರವನ್ನು ನೇಮಕದ ಸಮಯದಲ್ಲಿಯೇ ಲಿಖಿತವಾಗಿ ನೀಡುವುದು. ಇದು ಕಾನೂನಿನಲ್ಲಿಯೇ ಇರುವ ಕರ್ತವ್ಯ.

5. ವಾರ್ಡ್ ಸಭೆ, ಗ್ರಾಮ ಸಭೆ ಹಾಗೂ ಮಹಿಳಾ ಗ್ರಾಮ ಸಭೆಗಳಲ್ಲಿ ಈ ಅಂಶಗಳನ್ನು ಓದಿ ಹೇಳುವುದು.

6. ಸೌಲಭ್ಯ ನಿರಾಕರಿಸಲ್ಪಟ್ಟ ಕಾರ್ಮಿಕರನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳುಹಿಸುವುದು. ವರಮಾನ ಎಷ್ಟೇ ಇರಲಿ, ಎಲ್ಲ ಮಹಿಳೆಯರೂ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100.

ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಹೆರಿಗೆಯ ನೋವನ್ನೂ ಬಾಣಂತನದ ಬವಣೆಯನ್ನೂ ಸ್ವತಃ ಬಲ್ಲವರು ಇಂದು ಸಭೆಯಲ್ಲಿ ಕುಳಿತಿದ್ದಾರೆ. ಮುಂದಿನ ಸಭೆಯಲ್ಲಿ ಇಂತಹ ಅರ್ಜಿಯೊಂದು ಬಂದಾಗ ಅದನ್ನು ಕಾರ್ಯಸೂಚಿಯ ಕೊನೆಗೆ ಬಿಡದೆ ಮೊದಲೇ ಕೈಗೆತ್ತಿಕೊಂಡು, ದಿನಗಳನ್ನೂ ಮೊತ್ತವನ್ನೂ ಲೆಕ್ಕ ಹಾಕಿ, ಅದೇ ದಿನ ನಡವಳಿಯಲ್ಲಿ ದಾಖಲಿಸಿದರೆ ಊರಿನ ಬೀದಿಯನ್ನು ಪ್ರತಿದಿನ ಗುಡಿಸುವ ಕೈಗಳಿಗೆ ಪಂಚಾಯಿತಿಯು ಸಲ್ಲಿಸಬೇಕಾದ ಋಣ ಸಂದಂತಾಗುತ್ತದೆ.